ಮಳೆಯ ಮೇಲೊಂದು ಅಪವಾದ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ದುಡ್ಡು ಕೊಟ್ಟು, ಸಮುದ್ರ ದಾಟಿ ಹೋಗಿ, ಮಳೆಯಲ್ಲಿ ಕೂತು ಬಂದೆವು ಎಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ಮನೆಯವರೂ ನಕ್ಕರು. 2019ರ ಮೇ ತಿಂಗಳಲ್ಲಿ ನಾವು ನಾಲ್ವರು ಹಳೆಯ ಗೆಳತಿಯರು ಗಂಡ, ಮಕ್ಕಳು, ಹಾಲಿನವನು, ಗ್ಯಾಸಿನವನು ಎಲ್ಲರನ್ನೂ ಅವರವರ ಪಾಡಿಗೆ ಬಿಟ್ಟು ಅಂಡಮಾನಿಗೆ ಹೊರಟಾಗ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ಸಮುದ್ರ: ನೀಲಿ ನೀರು, ಬಿಳಿ ಮರಳು, ವಾಲಿದ ತೆಂಗಿನಮರ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಕಾಲಿಡುವ ಮುಂಗಾರು ಅಂಡಮಾನಿಗೆ ಅದಕ್ಕೂ ಹತ್ತು ದಿನ ಮೊದಲೇ ಬಂದಿಳಿಯುತ್ತದೆ ಎಂಬುದು ನಮ್ಮಲ್ಲೇ ಒಬ್ಬಳಾದ ಭೂಗೋಳದ ಟೀಚರಿಗೂ ಟಿಕೆಟ್ ಕೊಳ್ಳುವಾಗ ನೆನಪಾಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಅದನ್ನೇ ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದವಳು ಅವಳು.

ಆಗಿನ ಪೋರ್ಟ್ ಬ್ಲೇರಿನಿಂದ (2024ರಿಂದ ಅದು ಶ್ರೀ ವಿಜಯಪುರಂ) ಹಡಗು ಹತ್ತಿ ಹ್ಯಾವ್‌ಲಾಕ್ ದ್ವೀಪಕ್ಕೆ ಬಂದೆವು. ಹಿಂದಿನ ಡಿಸೆಂಬರಿನಲ್ಲಷ್ಟೇ ಅದಕ್ಕೆ ಸ್ವರಾಜ್ ದ್ವೀಪವೆಂದು ಹೆಸರಿಟ್ಟಿದ್ದರು. ಬಾಯಲ್ಲಿ ಮಾತ್ರ ಎಲ್ಲರಿಗೂ ಹ್ಯಾವ್‌ಲಾಕೇ. ಮೊದಲ ದಿನ ರಾಧಾನಗರದ ಕಡಲತೀರದಲ್ಲಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಚಿಕ್ಕ ಹುಡುಗಿಯರಂತೆ ಕಿರುಚಿದ್ದಾಯಿತು. ಎರಡನೆಯ ದಿನ ಎದ್ದು ನೋಡಿದರೆ ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಬೂದಿ ಬಣ್ಣದ ಒಂದು ಪರದೆ. ಹಡಗುಗಳೆಲ್ಲ ರದ್ದು. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಅಂಡಮಾನಿಗೆ ಬಂದದ್ದು 2020ರಲ್ಲಿ. ನಾವು ಹೋದಾಗ ಮೊಬೈಲಿನಲ್ಲಿ ಟೈಮು ನೋಡಬಹುದಿತ್ತು, ಅಷ್ಟೆ.

ನಾವಿದ್ದದ್ದು ತಗಡಿನ ಮಾಡಿನ ಸಾಲು ಕೋಣೆಗಳಲ್ಲಿ. ನಡುವಿನ ಗೋಡೆ ಬಿದಿರಿನ ತಟ್ಟಿಯದು. ಮನೆಯ ಯಜಮಾನಿ ಬಂಗಾಳಿ ಹೆಂಗಸು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ಸರ್ಕಾರ ಆ ದ್ವೀಪದಲ್ಲಿ ನೆಲೆಗೊಳಿಸಿತು. ಈಕೆ ಅಂಥ ಮನೆಯೊಂದರ ಸೊಸೆ. ಆಕೆ ಆಕಾಶದ ಕಡೆ ತಲೆ ಎತ್ತಲೇ ಇಲ್ಲ. ಸೌದೆಯನ್ನು ಒಳಗೆಳೆದಳು, ಕೋಳಿಗಳನ್ನು ಎಣಿಸಿದಳು, ಇವತ್ತು ಖಿಚುರಿ ಮಾಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ಒಲೆಯ ಮುಂದೆ ಕೂತಳು. ಅವಳ ಮುಖದಲ್ಲಿದ್ದದ್ದು ಆರಿದ್ರೆ ಮಳೆ ಹಿಡಿದಾಗ ನನ್ನ ಅಮ್ಮನ ಮುಖದಲ್ಲಿರುತ್ತಿದ್ದ ಭಾವ. ಮಳೆ ಎಂದರೆ ಒಂದಷ್ಟು ಹೆಚ್ಚಿನ ಕೆಲಸ.

ಕೆಲಸವಿಲ್ಲದವರು ನಾವು. ಕೆಲಸವಿಲ್ಲದ ನಾಲ್ಕು ಹೆಂಗಸರು ಒಂದು ಕೋಣೆಯಲ್ಲಿ ಕೂತರೆ ಏನಾಗುತ್ತದೆಯೋ ಅದೇ ಆಯಿತು. ಪಕ್ಕದ ಕೋಣೆಯಲ್ಲೊಬ್ಬಳು ಒಂಟಿ ಹುಡುಗಿ ಇದ್ದಳು, ಮೂವತ್ತರ ಒಳಗಿನವಳು. ಬೆಳಗ್ಗೆಯಿಂದ ಜೋರಾಗಿ ಹಾಡು ಹಾಕಿಕೊಂಡಿದ್ದಳು. ಒಬ್ಬಳೇ ಯಾಕೆ ಬಂದಿದ್ದಾಳೆ, ನಿನ್ನೆ ಸಂಜೆ ಬೈಕಿನಲ್ಲಿ ತಂದು ಬಿಟ್ಟವನು ಯಾರು, ಕೊರಳಲ್ಲಿ ಏನೂ ಇಲ್ಲವಲ್ಲ ಎಂದು ಬ್ಯಾಂಕಿನವಳು ಶುರು ಮಾಡಿದಳು. ನಾವು ಮೂವರೂ ಸೇರಿದೆವು. ತಟ್ಟಿಯ ಗೋಡೆ, ಮಳೆ, ಆಚೆಯಿಂದ ಹಾಡು. ನನಗೆ ತಟ್ಟನೆ ಸಾಮರ್‌ಸೆಟ್ ಮಾಮ್‌ನ ‘ರೇನ್’ ಕಥೆ ನೆನಪಾಯಿತು. ಇಂಗ್ಲಿಷ್ ಪಾಠ ಹೇಳಿಯೇ ಕೂದಲು ಬೆಳ್ಳಗಾದವಳು ನಾನು. ಅವನ ಕಥೆಗಳ ಹಳೆಯ ಪುಸ್ತಕ ಚೀಲದಲ್ಲೇ ಇತ್ತು. “ಇದೇ ಥರದ ಕಥೆ ಒಂದಿದೆ ಕಣ್ರೇ, ಓದಿ ಹೇಳ್ತೀನಿ” ಎಂದೆ. ಸಾಲು ಸಾಲಾಗಿ ಕನ್ನಡ ಮಾಡಿಕೊಂಡು ಹೇಳುತ್ತ ಹೋದೆ.

ಕಥೆ ನಡೆಯುವುದು ಶಾಂತಸಾಗರದ ನಡುವಿನ ಅಮೆರಿಕನ್ ಸಮೋವಾದಲ್ಲಿ, ಪಾಗೋ ಪಾಗೋ ಎಂಬ ಬಂದರಿನಲ್ಲಿ. ಮುಂದಿನ ದ್ವೀಪಕ್ಕೆ ಹೋಗಬೇಕಾದ ಹಡಗಿನ ನಾವಿಕನೊಬ್ಬನಿಗೆ ದಡಾರ ಬಂದು ಪ್ರಯಾಣಿಕರೆಲ್ಲ ಅಲ್ಲೇ ಉಳಿಯಬೇಕಾಗುತ್ತದೆ. ಒಬ್ಬ ವ್ಯಾಪಾರಿಯ ಎರಡಂತಸ್ತಿನ ತಗಡು ಮಾಡಿನ ಮನೆಯಲ್ಲಿ ಡಾಕ್ಟರ್ ಮ್ಯಾಕ್‌ಫೇಲ್ ಮತ್ತು ಹೆಂಡತಿ, ಮಿಷನರಿ ಡೇವಿಡ್‌ಸನ್ ಮತ್ತು ಹೆಂಡತಿ ಬಾಡಿಗೆಗೆ ಇಳಿಯುತ್ತಾರೆ. ಕೆಳಗಿನ ಕೋಣೆ ಹಿಡಿದವಳು ಎರಡನೆಯ ದರ್ಜೆಯಲ್ಲಿ ಬಂದ ಸೇಡಿ ಥಾಮ್ಸನ್. ಅವಳ ಕೋಣೆಯಲ್ಲಿ ಗ್ರಾಮೊಫೋನು ಹಾಡುತ್ತದೆ, ನಾವಿಕರು ಬಂದು ಕುಣಿಯುತ್ತಾರೆ. ಅವಳು ಹೊನೊಲುಲುವಿನ ಸೂಳೆಗೇರಿಯಿಂದ ಬಂದವಳೆಂದು ಡೇವಿಡ್‌ಸನ್‌ಗೆ ಹೊಳೆಯುತ್ತದೆ. ಅವನು ಗವರ್ನರನ ಮೇಲೆ ಒತ್ತಡ ತಂದು ಅವಳನ್ನು ಸ್ಯಾನ್‌ಫ್ರಾನ್ಸಿಸ್ಕೊಗೆ ಹಿಂದಕ್ಕೆ ಕಳಿಸುವ ಆಜ್ಞೆ ಹೊರಡಿಸುತ್ತಾನೆ. ಅಲ್ಲಿ ಅವಳಿಗಾಗಿ ಜೈಲು ಕಾದಿದೆ. ಸಿಡ್ನಿಗಾದರೂ ಹೋಗಲು ಬಿಡಿ ಎಂದು ಅವಳು ಕಾಲು ಹಿಡಿಯುತ್ತಾಳೆ. ಅವನು ಕರಗುವುದಿಲ್ಲ, ಶಿಕ್ಷೆ ಅನುಭವಿಸಿದರೇ ಪಾಪ ತೊಳೆಯುವುದು. ಅವಳು ಕುಸಿಯುತ್ತಾಳೆ, ಪಶ್ಚಾತ್ತಾಪ ಪಡುತ್ತಾಳೆ, ಅವನು ರಾತ್ರಿಯೆಲ್ಲ ಅವಳ ಕೋಣೆಯಲ್ಲಿ ಪ್ರಾರ್ಥಿಸುತ್ತಾನೆ. ಅವಳು ಹಡಗು ಹತ್ತಬೇಕಾದ ದಿನ ಬೆಳಗ್ಗೆ ಡೇವಿಡ್‌ಸನ್‌ನ ಹೆಣ ಸಮುದ್ರದಂಚಿನಲ್ಲಿ ಬಿದ್ದಿರುತ್ತದೆ. ಕ್ಷೌರದ ಕತ್ತಿಯಿಂದ ತಾನೇ ಕತ್ತು ಕೊಯ್ದುಕೊಂಡಿದ್ದಾನೆ. ಮನೆಗೆ ಮರಳಿದರೆ ಗ್ರಾಮೊಫೋನು ಮತ್ತೆ ಹಾಡುತ್ತಿದೆ. ಸೇಡಿ ಹಳೆಯ ಠಾಕುಠೀಕಿನಲ್ಲಿ ನಿಂತಿದ್ದಾಳೆ. ಡಾಕ್ಟರು ಗದರಿದಾಗ ಅವಳು ಗಂಡಸು ಜಾತಿಯನ್ನೇ ಹೇಸಿ ಬೈಯುತ್ತಾಳೆ. ಡಾಕ್ಟರಿಗೆ ಎಲ್ಲ ಅರ್ಥವಾಗುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

1921ರಲ್ಲಿ ಪತ್ರಿಕೆಯಲ್ಲಿ ‘ಮಿಸ್ ಥಾಮ್ಸನ್’ ಎಂಬ ಹೆಸರಿನಲ್ಲಿ ಬಂದು, ಅದೇ ವರ್ಷ ಪುಸ್ತಕದಲ್ಲಿ ಸೇರಿದ ಕಥೆ ಇದು. ಧರ್ಮದ ಸೋಗು ಹಾಕಿದವನ ಬಣ್ಣ ಬಯಲಾದ ಕಥೆಯೆಂದೇ ನಾನು ಇದನ್ನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಇನ್ನೊಂದು ಮಾತನ್ನೂ ತಪ್ಪದೆ ಸೇರಿಸುತ್ತಿದ್ದೆ: ಇಲ್ಲಿ ಮಳೆಯೇ ಒಂದು ಪಾತ್ರ ಎಂದು. ಮಾಮ್ ಹಾಗೇ ಬರೆದಿದ್ದಾನೆ. ಇದು ಇಂಗ್ಲೆಂಡಿನ ಮೆದು ಮಳೆಯಲ್ಲ, ಇದರಲ್ಲಿ ಆದಿಮ ಪ್ರಕೃತಿಯ ಕೇಡಿಗತನವಿದೆ, ಇದು ಮನುಷ್ಯರ ನರಗಳ ಮೇಲೆ ಬಡಿಯುತ್ತದೆ ಎನ್ನುವ ಅರ್ಥದ ಮಾತು ಕಥೆಯಲ್ಲಿ ಬರುತ್ತದೆ. ತಗಡಿನ ಮೇಲೆ ಅದರ ಸದ್ದು ನಿಲ್ಲುವುದೇ ಇಲ್ಲ. ಓದುಗ ಕೊನೆಗೆ ಬರುವ ಹೊತ್ತಿಗೆ, ಇಂಥ ಮಳೆಯಲ್ಲಿ ಏನು ತಾನೇ ಆಗಲಿಕ್ಕಿಲ್ಲ ಎಂಬ ಮನಸ್ಥಿತಿಗೆ ಬಂದಿರುತ್ತಾನೆ.

“ಅಷ್ಟು ಎಷ್ಟು ಮಳೆಯಂತೆ ಅಲ್ಲಿ?” ಎಂದಳು ಭೂಗೋಳದವಳು. ಪಾಗೋ ಪಾಗೋದಲ್ಲಿ ವರ್ಷಕ್ಕೆ 300 ಸೆಂಟಿಮೀಟರಿಗೆ ಮಿಕ್ಕಿ ಬೀಳುತ್ತದೆ. ನಾವು ಕೂತಿದ್ದ ಅಂಡಮಾನಿನಲ್ಲೂ ಹತ್ತಿರ ಹತ್ತಿರ ಅಷ್ಟೆ. ನಮ್ಮ ಆಗುಂಬೆಯಲ್ಲಿ 700ಕ್ಕೂ ಹೆಚ್ಚು. “ಹಾಗಾದರೆ ಆಗುಂಬೆಯವರೆಲ್ಲ ಕತ್ತು ಕೊಯ್ದುಕೊಂಡಿರಬೇಕಿತ್ತು” ಎಂದು ಅವಳು ನಕ್ಕಳು. ತಮಾಷೆಗೆ ಆಡಿದ ಮಾತು. ಆದರೆ ಎಷ್ಟೋ ವಿಮರ್ಶೆಗಳನ್ನು ಓದಿದ ನನಗೆ ಹೊಳೆಯದ್ದು ಅದರಲ್ಲಿತ್ತು. ಆ ಮಳೆ ಯಾರಿಗೆ ಕ್ರೂರ? ಆ ಮನೆಯ ಒಡೆಯನ ಹೆಂಡತಿ ಸಮೋವಾದವಳೇ. ಅವಳು ಅಡಿಗೆ ಮಾಡಿ ಬಡಿಸಿರಬೇಕು, ಒಗೆದ ಬಟ್ಟೆ ಒಣಗಿಸಲು ಒದ್ದಾಡಿರಬೇಕು. ಕಥೆ ಅವಳಿಗೆ ಬಾಯಿಯನ್ನೇ ಕೊಡುವುದಿಲ್ಲ. ದ್ವೀಪದವರಿಗೆ ಆ ಮಳೆಯಿಂದ ಗಡ್ಡೆ, ಹಣ್ಣು, ಕುಡಿಯುವ ನೀರು. ಮಳೆಯಲ್ಲಿ ಕೇಡು ಕಂಡದ್ದು ಹಡಗು ತಪ್ಪಿ ಸಿಕ್ಕಿಬಿದ್ದ ನಾಲ್ಕು ಬಿಳಿಯರಿಗೆ. ಗೊರಬು ಹಾಕಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡಿದ ಹೆಂಗಸರನ್ನು ಕಂಡು ಬೆಳೆದವಳು ನಾನು. ಆದರೂ ಮೂವತ್ತು ವರ್ಷ ಮಾಮ್‌ನ ಮಳೆಗೆ ತಲೆದೂಗಿದ್ದೆ. ಪರೀಕ್ಷೆಯಲ್ಲಿ ಮಕ್ಕಳು ಹಾಗೆ ಬರೆದರೆ ಒಂದು ಮಾರ್ಕು ಹೆಚ್ಚು ಕೊಟ್ಟಿದ್ದೆ.

ಎಕ್ಸ್‌ಚೇಂಜಿನವಳು ಆ ತನಕ ಮಾತಾಡಿರಲಿಲ್ಲ. ಇಪ್ಪತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನ ಮಾತೆಲ್ಲ ಕೇಳಿದವಳು ಅವಳು. “ಬರೀ ಕೇಳಿಸಿಕೊಳ್ಳೋದೇ ಆಯ್ತಲ್ಲೇ ಈ ಕಥೆಯಲ್ಲಿ” ಎಂದಳು. “ಅವಳ ಕೋಣೆ ಒಳಗೆ ಏನಾಯ್ತು ಅಂತ ಒಂದು ಸಲಾನೂ ಹೋಗಿ ನೋಡಲ್ಲ. ಹಾಡು ಕೇಳ್ತು, ಪ್ರಾರ್ಥನೆ ಕೇಳ್ತು, ಅಳೋದು ಕೇಳ್ತು. ಎಲ್ಲ ಗೋಡೆ ಆಚೆಯಿಂದ.”

ಎಷ್ಟು ಸರಿ! ಇಡೀ ಕಥೆ ನಿಂತಿರುವುದು ಡಾಕ್ಟರನ ಕಿವಿಯ ಮೇಲೆ. ಅವನು ಕೇಳಿದ್ದಷ್ಟೇ ನಮಗೂ ಕೇಳುವುದು. ಕಥೆಗಾರನ ಜಾಣತನ ಅದು, ಒಪ್ಪುತ್ತೇನೆ. ಕೋಣೆಯೊಳಗೆ ಕರೆದೊಯ್ದಿದ್ದರೆ ಕೊನೆಯ ಪೆಟ್ಟು ಹಾಗೆ ಬೀಳುತ್ತಿರಲಿಲ್ಲ. ಆದರೆ ಆ ಜಾಣತನಕ್ಕೆ ಬೆಲೆ ತೆತ್ತವಳು ಸೇಡಿ. ಒಬ್ಬ ಹೆಂಗಸಿನ ಬದುಕಿನ ಅತ್ಯಂತ ಭಯಂಕರ ರಾತ್ರಿ ಕಥೆಯಲ್ಲಿಲ್ಲ. ಅದು ಒಬ್ಬ ಗಂಡಸಿಗೆ ‘ಅರ್ಥವಾಗುವ’ ಒಂದು ಕ್ಷಣವಿದೆ ಅಷ್ಟೆ. ಅವಳು ಬೈದದ್ದು ನಮಗೆ ನೆನಪುಳಿಯುತ್ತದೆ. ಅವಳಿಗೆ ನೋವಾಯಿತೇ ಎಂದು ಡಾಕ್ಟರಾದವನು ಕೇಳುವುದೂ ಇಲ್ಲ.

ಡೇವಿಡ್‌ಸನ್‌ನ ಹೆಂಡತಿಯ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ತಮ್ಮ ಸುಪರ್ದಿನ ದ್ವೀಪಗಳಲ್ಲಿ ಕುಣಿತ ನಿಲ್ಲಿಸಿದೆವು, ದಂಡ ಹಾಕಿ ಮೈತುಂಬ ಬಟ್ಟೆ ಹಾಕಿಸಿದೆವು ಎಂದು ಕೊಚ್ಚಿಕೊಳ್ಳುವ ಆ ಹೆಂಗಸಿಗೆ ಆದದ್ದೇ ಸರಿ ಎಂದಳು ಬ್ಯಾಂಕಿನವಳು. ಗಂಡ ಕಂಡ ಕನಸುಗಳ ಅರ್ಥ ಅವಳಿಗೂ ಗೊತ್ತಿರಲಿಲ್ಲ ಎನ್ನುತ್ತೀಯಾ ಎಂದು ಭೂಗೋಳದವಳು. ನನಗೆ ಕಾಡುವುದು ಮಾಮ್ ಅವಳ ದನಿಯನ್ನು, ಮೂಗುಕನ್ನಡಕವನ್ನು ಗೇಲಿ ಮಾಡುವ ರೀತಿ. ಡೇವಿಡ್‌ಸನ್‌ನನ್ನು ಅವನು ಭಯದಿಂದ ಬರೆಯುತ್ತಾನೆ, ಒಂದು ಬಗೆಯ ಗೌರವದಿಂದಲೂ. ಹೆಂಡತಿಗೆ ಮಾತ್ರ ಬರೀ ತಾತ್ಸಾರ. ನೀತಿ ನಿಯಮ ಕಾಯುವ ಹೆಂಗಸು ನಗೆಪಾಟಲು, ಅದನ್ನೇ ಮಾಡುವ ಗಂಡಸು ದುರಂತ ನಾಯಕ! ಈ ಹಂಚಿಕೆ ನಮ್ಮ ಕಾದಂಬರಿಗಳಲ್ಲೂ ಉಂಟು, ಅತ್ತೆಯರನ್ನು ಬರೆಯುವ ರೀತಿ ನೋಡಿ.

ಕಥೆಗಾರನನ್ನು ಅಷ್ಟು ಸುಲಭವಾಗಿ ಬೈದು ಮುಗಿಸುವಂತೆಯೂ ಇಲ್ಲ. ಅವನು ಸೇಡಿಯ ಪಕ್ಷದವನೇ. ಗಂಡಸರನ್ನು ಪ್ರೀತಿಸುವುದು ಇಂಗ್ಲೆಂಡಿನಲ್ಲಿ ಅಪರಾಧವಾಗಿದ್ದ ಕಾಲದಲ್ಲಿ ಗುಟ್ಟಾಗಿ ಬದುಕಿದವನು ಮಾಮ್. 1916ರ ಆ ಸಮುದ್ರಯಾನದಲ್ಲಿ ಅವನ ಜೊತೆಗಿದ್ದ ಸಂಗಾತಿ ಜೆರಾಲ್ಡ್ ಹ್ಯಾಕ್ಸ್‌ಟನ್‌ನನ್ನು 1919ರಲ್ಲಿ ಬೇಡದ ಪರದೇಶಿ ಎಂದು ಇಂಗ್ಲೆಂಡಿನಿಂದ ಹೊರಗಟ್ಟಿದರು. ಒಬ್ಬರನ್ನು ನೀತಿಯ ಹೆಸರಿನಲ್ಲಿ ಊರು ಬಿಡಿಸುವುದೆಂದರೇನು ಎಂದು ಮಾಮ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡೇವಿಡ್‌ಸನ್‌ನ ತಣ್ಣನೆಯ ಹಟ ಕಥೆಯಲ್ಲಿ ಅಷ್ಟು ನಿಜವಾಗಿರುವುದು ಅದರಿಂದಲೇ ಇರಬೇಕು.

ಇಷ್ಟೆಲ್ಲ ಮಾತಾಡಿ, ಪುಸ್ತಕ ಮಡಚಿಟ್ಟು, ನಾನು ಮೇಡಮ್ಮಿನ ಧಾಟಿಯಲ್ಲಿ, “ಡಾಕ್ಟರಂಥ ಒಳ್ಳೆಯವರೂ ಏನೂ ಮಾಡಲಾರದೆ ನಿಂತುಬಿಡುತ್ತಾರೆ ನೋಡಿ” ಎಂದೆ. ಆಗ ಎಕ್ಸ್‌ಚೇಂಜಿನವಳು ಮೆಲ್ಲಗೆ ಕೇಳಿದಳು: “ಇಸ್ತ್ರಿ ಪೆಟ್ಟಿಗೆಯವಳು ನೆನಪಿದ್ದಾಳೇನೇ?”

ಯಾರೂ ಮಾತಾಡಲಿಲ್ಲ. ಪಕ್ಕದ ಕೋಣೆಯಲ್ಲಿ ಹಾಡು ನಡೆದೇ ಇತ್ತು.

1984ರಲ್ಲಿ ನಾವು ನಾಲ್ವರೂ ಹೊಳೆದಂಡೆಯ ಒಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಉದ್ಯೋಗಸ್ಥ ಮಹಿಳೆಯರ ಒಂದು ಹಾಸ್ಟೆಲಿನಲ್ಲಿದ್ದೆವು. ನಮ್ಮ ಪಕ್ಕದ ಕೋಣೆಗೆ ಒಬ್ಬಳು ಬಂದಳು. ಖಾಸಗಿ ಕಂಪನಿಯೊಂದರಲ್ಲಿ ಟೈಪಿಸ್ಟು. ಅವಳ ಟ್ರಾನ್ಸಿಸ್ಟರು ರಾತ್ರಿ ಹತ್ತರವರೆಗೆ ಹಾಡುತ್ತಿತ್ತು. ಶನಿವಾರ ತಡವಾಗಿ ಬರುತ್ತಿದ್ದಳು, ಸ್ಕೂಟರಿನಲ್ಲಿ ಒಬ್ಬ ತಂದು ಬಿಡುತ್ತಿದ್ದ. ಅವಳ ಹತ್ತಿರ ಒಂದು ಕರೆಂಟಿನ ಇಸ್ತ್ರಿ ಪೆಟ್ಟಿಗೆಯಿತ್ತು. ಆ ಜುಲೈಯ ಜಡಿಮಳೆಯಲ್ಲಿ ಇಡೀ ಹಾಸ್ಟೆಲಿನ ಹಸಿ ಬಟ್ಟೆ ಒಣಗಿದ್ದು ಅದರಲ್ಲೇ. ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಆಗಸ್ಟಿನಲ್ಲಿ ನಾವೆಲ್ಲ ಸೇರಿ ಹಾಸ್ಟೆಲಿನ ಸಮಿತಿಗೆ ಒಂದು ಅರ್ಜಿ ಕೊಟ್ಟೆವು. ವಾರದೊಳಗೆ ಕೋಣೆ ಖಾಲಿ ಮಾಡಲು ಅವಳಿಗೆ ಹೇಳಿದರು. ಮಳೆಯಲ್ಲೇ ಆಟೋಕ್ಕೆ ಟ್ರಂಕು ಹೇರಿಕೊಂಡು ಹೋದಳು. ಇಸ್ತ್ರಿ ಪೆಟ್ಟಿಗೆ ನಮ್ಮ ಕೋಣೆಯಲ್ಲಿತ್ತು. ಅವಳು ಕೇಳಲಿಲ್ಲ, ನಾವೂ ಕೊಡಲಿಲ್ಲ.

ಈ ಸಂಗತಿಯನ್ನು ನಾನು ನನ್ನ ಗಂಡನಿಗೆ, ಮಗಳಿಗೆ ಹೇಳಿದ್ದುಂಟು. ಹೇಳುವ ಕ್ರಮ ಹೀಗೆ: “ಹದಿನೈದು ದಿನ ಬಿಡದೆ ಮಳೆ. ಎಲ್ಲರಿಗೂ ತಲೆಕೆಟ್ಟಿತ್ತು. ಯಾರೋ ಅರ್ಜಿ ಬರೆದರು, ನಾನೂ ಕೊನೆಯಲ್ಲಿ ಒಂದು ಸಹಿ ಹಾಕಿದೆ.”

“ಯಾರೋ ಅಲ್ಲ ಮಾರಾಯ್ತಿ” ಎಂದಳು ಎಕ್ಸ್‌ಚೇಂಜಿನವಳು. “ಬರೆದದ್ದು ನೀನೇ. ನಿನ್ನ ಅಕ್ಷರ ಚೆನ್ನಾಗಿದೆ ಅಂತ ನಾವೇ ನಿನ್ನ ಕೈಲಿ ಬರೆಸಿದ್ವಿ. ‘ನಿಲಯದ ಗೌರವಕ್ಕೆ ಧಕ್ಕೆ’ ಅಂತ ಬರೆದು, ಧಕ್ಕೆಗೆ ಯಾವ ಧ ಅಂತ ಇವಳನ್ನು ಕೇಳಿದ್ದೆ.” ಭೂಗೋಳದವಳು ಹೌದೆಂದು ತಲೆಯಾಡಿಸಿದಳು.

ನನಗೆ ನೆನಪಿರಲಿಲ್ಲ. ಅವಳು ಹೇಳಿದೊಡನೆ ನೆನಪಾಯಿತು. ಧ ಅಕ್ಷರವೂ, ಗೆರೆ ಎಳೆದ ಫುಲ್‌ಸ್ಕೇಪು ಹಾಳೆಯೂ.

ಊರಿಗೆ ಬಂದ ಮೇಲೆ ಕಥೆಯನ್ನು ಎರಡು ಸಲ ಓದಿದೆ. ಈಗ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವವನು ಡೇವಿಡ್‌ಸನ್ ಅಲ್ಲ, ಡಾಕ್ಟರು. ಮಾಮ್ ಓದುಗರಿಗೆಂದು ಹಾಕಿಟ್ಟ ಕುರ್ಚಿ ಅವನದು. ಕರುಣೆಯುಳ್ಳವನು, ಅಂಜುಬುರುಕ, ಜಗಳ ಬೇಡದವನು. ಗವರ್ನರನ ಹತ್ತಿರ ಒಮ್ಮೆ ಹೋಗಿ ಬರುತ್ತಾನೆ, ಆಗಲಿಲ್ಲವೆಂದರೆ ಸುಮ್ಮನಾಗುತ್ತಾನೆ. ಅಲ್ಲಿ ಕೂತರೆ ಡೇವಿಡ್‌ಸನ್‌ನ ಮೇಲೆ ಸಿಟ್ಟು ಬರುತ್ತದೆ, ಸೇಡಿಯ ಮೇಲೆ ಮರುಕ ಬರುತ್ತದೆ, ಮಳೆಗೆ ಶಾಪ ಹಾಕಬಹುದು, ಸ್ವಂತ ಕೈ ಮಾತ್ರ ಚೊಕ್ಕಟವಾಗಿಯೇ ಇರುತ್ತದೆ. ಕಥೆಯನ್ನು ಜಗತ್ತು ಇಷ್ಟು ಮೆಚ್ಚಿಕೊಳ್ಳಲು ಈ ಕುರ್ಚಿಯೇ ಅರ್ಧ ಕಾರಣವೆಂದು ನನ್ನ ಗುಮಾನಿ. ನಾನು ಮೂವತ್ತು ವರ್ಷ ಅದರಲ್ಲೇ ಕೂತು ಪಾಠ ಮಾಡಿದೆ. ನನ್ನ ಜಾಗ ಇದ್ದದ್ದು ಮೇಲಿನ ಅಂತಸ್ತಿನಲ್ಲಿ, ಡೇವಿಡ್‌ಸನ್ ದಂಪತಿಗಳ ಕೋಣೆಯಲ್ಲಿ.

ಮತ್ತೆ ಆ ಮಳೆ. ಮಾಮ್ ಏನು ಮಾಡಿದನೋ ಮನೆಯಲ್ಲಿ ಕಥೆ ಹೇಳುವಾಗ ನಾನೂ ಅದನ್ನೇ ಮಾಡುತ್ತಿದ್ದೆನಲ್ಲ! ಮೊದಲು ಹದಿನೈದು ದಿನದ ಮಳೆ ಸುರಿಸಿ, ಆಮೇಲೆ ಅರ್ಜಿ. ನಮ್ಮೂರಿನ ಮಳೆಗೆ ಅಂಥ ಯಾವ ಕೆಡುಕೂ ಇರಲಿಲ್ಲ. ಅದು ಪ್ರತಿ ವರ್ಷ ಬರುತ್ತಿದ್ದ ಮಳೆಯೇ.

ಈ ಕಥೆ ನಾಟಕವಾಯಿತು, 1922ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ಬಂತು. ಸಿನಿಮಾ ಆದದ್ದಂತೂ ಮತ್ತೆ ಮತ್ತೆ: 1928ರಲ್ಲಿ ಗ್ಲೋರಿಯಾ ಸ್ವಾನ್‌ಸನ್, 1932ರಲ್ಲಿ ಜೋನ್ ಕ್ರಾಫರ್ಡ್, 1953ರಲ್ಲಿ ರೀಟಾ ಹೇವರ್ತ್ ಸೇಡಿಯಾದರು. ಅವುಗಳಲ್ಲಿ ಸೇಡಿಗೆ ಒ’ಹಾರಾ ಎಂಬ ಸೈನಿಕ ಪ್ರೇಮಿಯೊಬ್ಬ ಸಿಗುತ್ತಾನೆ. ಅವಳನ್ನು ಕಥೆಯಲ್ಲಿ ಬಿಟ್ಟಹಾಗೆ ನಡುಮನೆಯಲ್ಲಿ ನಿಲ್ಲಿಸಿ ಬಿಡಲು ಸಿನಿಮಾದವರಿಗೆ ಧೈರ್ಯ ಬರಲಿಲ್ಲ. ಒಬ್ಬ ಗಂಡಸಿನ ಕೈಗೆ ಒಪ್ಪಿಸಿದರೇ ಪ್ರೇಕ್ಷಕರಿಗೆ ಸಮಾಧಾನ. 1928ರ ಮೂಕಿ ಚಿತ್ರದ ಕೊನೆಯ ರೀಲು ಹಾಳಾಗಿ ಹೋಗಿದೆ. ನನಗೆ ಅದೇ ಮೇಲೆನಿಸುತ್ತದೆ. ಮಾಮ್‌ನ ದೊಡ್ಡತನ ಇರುವುದೂ ಇಲ್ಲೇ: ಅವನು ಸೇಡಿಗೆ ಮದುವೆ ಮಾಡಿಸುವುದಿಲ್ಲ, ಅವಳು ಸುಖವಾಗಿದ್ದಳೆಂದು ನಮ್ಮನ್ನು ಮನೆಗೆ ಕಳಿಸುವುದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನನ್ನು ನಾನು ಕ್ಷಮಿಸಲಾರೆ. 1916ರ ಡಿಸೆಂಬರಿನಲ್ಲಿ ಹೊನೊಲುಲುವಿನಿಂದ ಅವನು ಹತ್ತಿದ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಮಿಸ್ ಥಾಮ್ಸನ್ ಎಂಬ ಹೆಸರಿದೆ. ಅವನು 1949ರಲ್ಲಿ ಪ್ರಕಟಿಸಿದ ಟಿಪ್ಪಣಿ ಪುಸ್ತಕದಲ್ಲಿ ಆ ಪಯಣದ ಮಿಷನರಿಯ ಬಗ್ಗೆ, ಈ ಹೆಂಗಸಿನ ಬಗ್ಗೆ ಬರೆದುಕೊಂಡದ್ದೂ ಇದೆ. ಅಂದರೆ ಯಾರೋ ಒಬ್ಬಳು ನಿಜವಾಗಿಯೂ ಇದ್ದಳು. ಕಥೆಗೆ ಬೇಕಾದ್ದನ್ನೆಲ್ಲ ಕಲ್ಪಿಸಿಕೊಂಡವನು ಹೆಸರೊಂದನ್ನು ಬದಲಿಸಲಿಲ್ಲ. ಅವಳ ಹೆಸರು ನೂರು ವರ್ಷದಿಂದ ರಂಗದ ಮೇಲೆ, ಪೋಸ್ಟರುಗಳ ಮೇಲೆ ಇದೆ. ಅವಳನ್ನು ಯಾರೂ ಕೇಳಿರಲಾರರು.

ನಮ್ಮವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅರ್ಜಿಯಲ್ಲಿ ಒಮ್ಮೆ ದುಂಡಗೆ ಬರೆದಿದ್ದೇನೆ, ಸಾಕು.

ಅಂಡಮಾನಿನ ಆ ಮಧ್ಯಾಹ್ನ ಯಜಮಾನಿ ಖಿಚುರಿ ತಂದಿಟ್ಟಳು. ಹೆಸರುಬೇಳೆ ಹುರಿದು ಮಾಡಿದ್ದು, ಮೇಲೆ ತುಪ್ಪ. ಅವಳು ಪಕ್ಕದ ಕೋಣೆಯ ಬಾಗಿಲು ತಟ್ಟಿ ಆ ಹುಡುಗಿಗೂ ಒಂದು ತಟ್ಟೆ ಕೊಟ್ಟದ್ದು ಕೇಳಿಸಿತು. ಇಬ್ಬರೂ ಏನೋ ಹೇಳಿ ನಕ್ಕರು. ನಾವು ತಲೆ ತಗ್ಗಿಸಿಕೊಂಡು ಉಂಡೆವು. ಊಟದ ನಡುವೆ ಭೂಗೋಳದವಳು ಕೇಳಿದಳು: “ಕೊನೆಗೆ ಆ ಸೇಡಿ ಎಲ್ಲಿಗೆ ಹೋದಳೇ? ಸಿಡ್ನಿಗೋ, ಜೈಲಿಗೋ?”

“ಬರೆದಿಲ್ಲ” ಎಂದೆ.

ಬ್ಯಾಂಕಿನವಳು ತಟ್ಟೆಯ ಅಂಚಿಗೆ ಮೆಣಸಿನಕಾಯಿ ಸರಿಸುತ್ತ ಹೇಳಿದಳು: “ನಮ್ಮವಳನ್ನ ನಾನು ಒಂದು ಸಲ ನೋಡಿದೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಟ್ರಾನ್ಸ್‌ಫರ್ ಆಗಿ ಅಲ್ಲಿದ್ದೆನಲ್ಲ, ಆಗ. ಕೈಯಲ್ಲಿ ಟಿಫಿನ್ ಡಬ್ಬಿ, ಪಕ್ಕದಲ್ಲಿ ಯೂನಿಫಾರ್ಮಿನ ಒಂದು ಹುಡುಗಿ. ನನ್ನ ಗುರುತು ಅವಳಿಗೂ ಹತ್ತಿತು. ಮಾತಾಡಿಸೋಣ ಅಂತ ಎರಡು ಹೆಜ್ಜೆ ಇಟ್ಟೆ ಕೂಡ.”

“ಆಮೇಲೆ?”

“ಬಸ್ಸು ಬಂತು. ಹತ್ತಿಬಿಟ್ಟೆ.”